ದೂರು ಕೊಟ್ಟವರು ಊರಲ್ಲಿಲ್ಲ

"ಬಿಡಬ್ಯಾಡ್ರಿ ಮೇಡಂ... ಬಿಟ್ರ ಈ ಊರಿನ ನೀರು ಹೋಯ್ತು."

ಸುಸನ್ನಾ ಬಿಡಲಿಲ್ಲ. ಬಿಡುವಷ್ಟು ಧೈರ್ಯ ಅವಳಿಗಿರಲಿಲ್ಲ.

ಎರಡು ನಿಮಿಷದ ಹಿಂದಷ್ಟೇ ಅವಳು ಔರಾದಿನಿಂದ ಬಂದ ಜೀಪಿನಿಂದ ಇಳಿದಿದ್ದಳು. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ದೂರುಗಳ ಪಟ್ಟಿ, ನಾಲಗೆಯ ತುದಿಯಲ್ಲಿ ಒಂದು ಖಾರವಾದ ಪ್ರಶ್ನೆ. ಊರಿನ ಕೈಪಂಪು ಬಿಚ್ಚಿಕೊಂಡು ಕೂತಿದ್ದ ಮೆಕ್ಯಾನಿಕ್ ಅವಳ ಮುಖವನ್ನೂ ಸರಿಯಾಗಿ ನೋಡದೆ ಕೊಳವೆಯನ್ನು ಕಚ್ಚಿ ಹಿಡಿದಿದ್ದ ದೊಡ್ಡ ಪಾನಾದ ಹಿಡಿಕೆಯನ್ನು ಅವಳ ಕೈಗೆ ಕೊಟ್ಟು, "ಜರಾ ಹಿಡೀರಿ" ಎಂದು ಬಗ್ಗಿಬಿಟ್ಟಿದ್ದ.

ಪಾನಾದ ಹಿಡಿತ ಸಡಿಲಿದರೆ ನೂರೈವತ್ತು ಅಡಿ ಕೊಳವೆ ಕೆಳಗೆ ಬಿದ್ದು ಬಾವಿಯೇ ಕೆಡುತ್ತದೆ ಎನ್ನುವುದು ಅವಳಿಗೆ ಆಮೇಲೆ ತಿಳಿಯಿತು. ಆ ಕ್ಷಣಕ್ಕೆ ತಿಳಿದದ್ದು ಇಷ್ಟೇ: ಬಿಸಿಲಿಗೆ ಕಾದ ಕಬ್ಬಿಣ ಅಂಗೈ ಸುಡುತ್ತಿತ್ತು, ಮತ್ತು ಈ ಮನುಷ್ಯನಿಗೆ ಅವಸರವೇ ಇರಲಿಲ್ಲ.

'ನಾನು ಲೆಕ್ಕ ಕೇಳಲಿಕ್ಕೆ ಬಂದವಳು... ಹಿಡಿಯಲಿಕ್ಕೆ ಬಂದವಳಲ್ಲ!' ಎಂದು ಮನಸ್ಸಿನಲ್ಲೇ ಸಿಡುಕಿದಳು.

"ಸಾಕ್ರಿ. ಈಗ ಬಿಡ್ರಿ."

ಅವನು ಆಗ ತಲೆಯೆತ್ತಿದ. ಗಲ್ಲಕ್ಕೆ ಗ್ರೀಸು ಮೆತ್ತಿತ್ತು. ವಯಸ್ಸು ಮೂವತ್ತೆರಡೋ ಮೂವತ್ಮೂರೋ. ಇಷ್ಟು ಹೊತ್ತು ಪಾನಾ ಹಿಡಿದದ್ದು ಹೊಸಬಳು ಎಂದು ನೋಡಿ ಗಾಬರಿಯಾಗಬೇಕಿತ್ತಲ್ಲವೇ? ಆಗಲಿಲ್ಲ. ಅವಳ ಕೆಂಪಾದ ಅಂಗೈ ನೋಡಿ, ಒದ್ದೆ ಬಟ್ಟೆಯೊಂದನ್ನು ಹಿಂಡಿ ಮುಂದೆ ಚಾಚಿದ.

"ನೀವು ಗೋರಖನಾಥ ಅಲ್ಲೇನ್ರಿ? ಈ ದೂರು ಬಂದು ಆರು ದಿನ ಆಗ್ಯದ. ನಿನ್ನೇನೇ ಮುಗೀಬೇಕಿತ್ತು."

"ಹೌದ್ರಿ, ಮುಗೀಬೇಕಿತ್ತು." ಅವನು ಒಪ್ಪಿಕೊಂಡ. ಆಮೇಲೆ ಕೇಳಿದ, "ಉಂಡೀರೇನ್ರಿ ಮೇಡಂ?"

ಸುಸನ್ನಾಗೆ ಮೈಯೆಲ್ಲ ಉರಿಯಿತು. ಮಾತು ತಪ್ಪಿಸುವುದರಲ್ಲಿ ಇವನು ಪಳಗಿದ್ದಾನೆ ಎಂದುಕೊಂಡಳು.

ಅರ್ಧ ತಾಸಿನಲ್ಲಿ ನೀರು ಬಂತು. ಕೆಂಪು ರಾಡಿ ನೀರು. ಅವನು ಸಾಮಾನು ಕಟ್ಟಿಕೊಂಡು ಹೊರಡುತ್ತಾನೆ ಎಂದು ಅವಳು ಕಾದಳು. ಅವನು ಹೊರಡಲಿಲ್ಲ. ಹಿಡಿಕೆ ಹೊಡೆಯುತ್ತ ಹೊಡೆಯುತ್ತ ನೀರು ತಿಳಿಯಾಗುವ ತನಕ ನಿಂತ. ತಿಳಿಯಾದ ಮೊದಲ ತಂಬಿಗೆಯನ್ನು ಪಕ್ಕದ ಮನೆಯ ಮುದುಕಿ ಲಲಿತಾಬಾಯಿಗೆ ಕೊಟ್ಟು, ಅವಳು ಕುಡಿದು "ಉಪ್ಪಿಲ್ಲಪ್ಪ, ಛಲೋ ಅದ" ಎಂದ ಮೇಲೇ ಪಾನಾ ಚೀಲಕ್ಕೆ ಹಾಕಿದ.

ಅದು 2016ರ ಮಾರ್ಚ್ ತಿಂಗಳು. ಎರಡು ವರ್ಷದಿಂದ ಮಳೆ ಕೈಕೊಟ್ಟಿತ್ತು. ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಹಳ್ಳಿಗಳಲ್ಲಿ ದುಡಿಯುವ ಕೈಗಳೆಲ್ಲ ಹೈದರಾಬಾದು, ಪುಣೆ ಎಂದು ಗಂಟು ಕಟ್ಟಿ ಹೋಗಿದ್ದವು. ಉಳಿದವರು ಮುದುಕರು, ಬಾಣಂತಿಯರು, ಶಾಲೆಗೆ ಹೋಗುವ ಮಕ್ಕಳು. ಆ ಉಳಿದವರ ಕೈಪಂಪು, ಅವರ ಬಾಯಲ್ಲಿ 'ಬೋರಿಂಗು', ಕೆಟ್ಟಾಗ ರಿಪೇರಿ ಮಾಡಿಕೊಡಲು ಔರಾದಿನಲ್ಲೊಂದು ಸಣ್ಣ ಸಂಸ್ಥೆ ಹುಟ್ಟಿಕೊಂಡಿತ್ತು. ದುಡ್ಡು ಕೊಡುವವರು ಪುಣೆಯಲ್ಲಿದ್ದರು. ಇಲ್ಲಿ ನಡೆಸುವವರು ನಿವೃತ್ತ ಹೆಡ್‌ಮಾಸ್ತರ್ ರಶೀದ ಅಹ್ಮದ. ಸುಸನ್ನಾ ಅಲ್ಲಿ ಸೇರಿ ಅಂದಿಗೆ ಮೂರನೆಯ ದಿನ.

* * *

ಅದಕ್ಕೂ ಮುಂಚೆ ಒಂಬತ್ತು ವರ್ಷ ಅವಳು ಹೈದರಾಬಾದಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಳು.

ಒಳ್ಳೆಯ ಕೆಲಸ ಎಂದು ಬೀದರಿನ ಚಿದ್ರಿಯಲ್ಲಿ ಅವಳ ಮನೆಯ ನೆರೆಹೊರೆಯವರೆಲ್ಲ ಹೇಳುತ್ತಿದ್ದರು. ಅವಳೂ ಹಾಗೇ ಅಂದುಕೊಂಡಿದ್ದಳು. ಅಲ್ಲಿ ಕಂಪ್ಯೂಟರಿನ ಪರದೆಯಲ್ಲಿ ಹೆಸರಿನ ಪಕ್ಕ ಹಸಿರು ಚುಕ್ಕಿ ಇದ್ದರೆ ಮನುಷ್ಯ ಇದ್ದಾನೆ ಎಂದು ಅರ್ಥ. ಆ ಚುಕ್ಕಿ ಆರಬಾರದೆಂದು ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ಮೌಸ್ ಹಿಡಿದು ಉಣ್ಣುವುದನ್ನು ಅವಳು ಯಾವಾಗ ಕಲಿತಳೋ ಅವಳಿಗೇ ನೆನಪಿಲ್ಲ. 'ಅರ್ಜೆಂಟ್' ಎನ್ನುವ ಮಾತು ದಿನಕ್ಕೆ ಇಪ್ಪತ್ತು ಸಲ ಬರುತ್ತಿತ್ತು. ಏನೆಂದು ನೋಡಿದರೆ ಯಾವುದೋ ದೇಶದ ಯಾವುದೋ ಅಂಗಡಿಯ ವೆಬ್ ಪುಟದಲ್ಲಿ ಒಂದು ಗುಂಡಿಯ ಬಣ್ಣ ಬದಲಾಗಬೇಕಿರುತ್ತಿತ್ತು. ಭಾನುವಾರ ಸಂಜೆ ನಾಲ್ಕಾದರೆ ಸಾಕು, ಸೋಮವಾರದ ಕೆಲಸವನ್ನು ಆಗಲೇ ತೆರೆದು ನೋಡತೊಡಗುತ್ತಿದ್ದಳು.

ಇಷ್ಟನ್ನೂ ಅವಳು ತಡೆದುಕೊಂಡಿದ್ದಳು. ತಡೆಯಲಾಗದೆ ಹೋದದ್ದು ಬೇರೆಯೇ.

ಕಡೆಯ ವರ್ಷ ಅವಳ ಕೈಕೆಳಗೆ ಒಂಬತ್ತು ಜನರಿದ್ದರು. ಒಂಬತ್ತೂ ಜನ ಚೆನ್ನಾಗಿ ದುಡಿದಿದ್ದರು. ಆದರೆ ಕಂಪನಿಯ ಕಾನೂನು, ಯಾರು ಹೇಗೆ ದುಡಿದರೆಂಬ ಪಟ್ಟಿಯಲ್ಲಿ 'ಸಾಲದು' ಎಂದು ಒಬ್ಬರ ಹೆಸರು ಇರಲೇಬೇಕು. ಬಾಣಂತಿತನ ಮುಗಿಸಿ ಬಂದಿದ್ದ ಗೆಳತಿಯೊಬ್ಬಳ ಹೆಸರನ್ನು ಸುಸನ್ನಾ ಅಲ್ಲಿ ಬರೆದಳು. ಅವಳು ಕೆಟ್ಟವಳೆಂದಲ್ಲ, ಆ ವರ್ಷ ಅವಳು ದುಡಿದ ದಿನಗಳು ಕಮ್ಮಿಯಿದ್ದವು ಎಂದು. ಮೂರು ವಾರಕ್ಕೆ ಗೆಳತಿಯ ಕೆಲಸ ಹೋಯಿತು. ಹೋಗುವಾಗ ಅವಳು ಜಗಳವಾಡಲಿಲ್ಲ, ಅಳಲೂ ಇಲ್ಲ. "ನಿನ್ನ ಕೈಯಲ್ಲಿ ಏನಿತ್ತು ಬಿಡು" ಎಂದು ಹೇಳಿ ಹೋದಳು.

ಆ ಮಾತನ್ನು ಸುಸನ್ನಾಗೆ ಜೀರ್ಣಿಸಿಕೊಳ್ಳಲಾಗಲಿಲ್ಲ. ರಾಜೀನಾಮೆ ಬರೆದು ಚಿದ್ರಿಯ ಮನೆಗೆ ಬಂದು ಮಲಗಿದಳು. ಎರಡು ತಿಂಗಳು ಮಲಗಿದ ಮೇಲೆ, ನರ್ಸ್ ಕೆಲಸದಿಂದ ನಿವೃತ್ತಳಾಗಿದ್ದ ಅವಳ ತಾಯಿ ಕ್ಯಾಥರಿನ ಕಿಟಕಿ ತೆರೆದು ಹೇಳಿದಳು, "ಜ್ವರ ಇಲ್ಲ, ನೋವಿಲ್ಲ. ಇನ್ನ ಎದ್ದೇಳು. ರಶೀದ ಮಾಸ್ತರಿಗೆ ಕಂಪ್ಯೂಟರ್ ಬಲ್ಲವರು ಬೇಕಾಗ್ಯಾರಂತ."

* * *

ರಶೀದ ಅಹ್ಮದರ ಆಫೀಸೆಂದರೆ ಒಂದು ದೊಡ್ಡ ಕೋಣೆ, ಎರಡು ಮೇಜು, ಒಂದು ನೀರಿನ ಮಡಕೆ. ದೂರುಗಳನ್ನು ಅವರು ಹಳೆಯ ಹಾಜರಿ ಪುಸ್ತಕದ ಬೆನ್ನಿಗೆ ಬರೆಯುತ್ತಿದ್ದರು. ಸುಸನ್ನಾ ಅದನ್ನು ಒಂದೇ ವಾರದಲ್ಲಿ ಎತ್ತಿಟ್ಟು, ಆ ತಿಂಗಳ ಹಳೆಯ ದೂರುಗಳನ್ನೂ ಸೇರಿಸಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದಳು.

ಹೊಸ ಏರ್ಪಾಡು ಸರಳವಾಗಿತ್ತು. ಹಳ್ಳಿಯವರು ಫೋನು ಮಾಡಿ ದೂರು ಕೊಡಬೇಕು. ರಿಪೇರಿಯಾದ ಮೇಲೆ ದೂರು ಕೊಟ್ಟವರ ಫೋನಿಗೆ ನಾಲ್ಕಂಕಿಯ ಒಂದು ನಂಬರು ಹೋಗುತ್ತದೆ. ಅವರು ಅದನ್ನು ತಿರುಗಿ ಕಳಿಸಿದರೆ ದೂರು ಮುಚ್ಚಿ ಹಸಿರಾಗುತ್ತದೆ. ಕಳಿಸದಿದ್ದರೆ ಕೆಂಪು.

"ಯಾರು ದೂರು ಕೊಟ್ಟಾರೋ ಅವರೇ ಮುಚ್ಚಬೇಕು ಸರ್" ಎಂದು ಅವಳು ಹೆಮ್ಮೆಯಿಂದ ಹೇಳಿದ್ದಳು. "ಇದರಾಗ ಸುಳ್ಳಿಗೆ ಜಾಗಾನೇ ಇಲ್ಲ."

"ಬಹುತ್ ಖೂಬ್" ಎಂದಿದ್ದರು ರಶೀದ ಅಹ್ಮದ. ಅವರಿಗೆ ಅರ್ಥವಾದದ್ದು ಅರ್ಧ, ಉಳಿದರ್ಧ ಅವಳ ಮೇಲಿನ ನಂಬಿಕೆ.

ಗೋರಖನಾಥ ಭಾಲ್ಕಿ ಕಡೆಯ ಭಾತಂಬ್ರಾದವನು. ತಾಯಿಯನ್ನು ಊರಲ್ಲಿ ಬಿಟ್ಟು ಔರಾದಿನಲ್ಲಿ ಕೋಣೆ ಹಿಡಿದಿದ್ದ. ಬೆಳಿಗ್ಗೆ ಮೋಟಾರ್‌ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಹೋದರೆ ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೊಮ್ಮೆ ಆಫೀಸಿಗೆ ಬರುತ್ತಿದ್ದ. ಎದುರಿನ ಮೇಜಿನ ಮೇಲೆ ರೊಟ್ಟಿಯ ಗಂಟು ಬಿಚ್ಚುತ್ತಿದ್ದ.

ಅವನು ಹಾಗೆ ಬಂದ ಮೊದಲ ದಿನ ಸುಸನ್ನಾ ಕೀಲಿಮಣೆಯ ಪಕ್ಕ ಡಬ್ಬಿಯಿಟ್ಟು ಉಣ್ಣುತ್ತಿದ್ದಳು. ಬಾಯಲ್ಲಿ ತುತ್ತಿಟ್ಟುಕೊಂಡೇ ಕೇಳಿದಳು, "ಆ ಮೂರು ಊರಿನ ಕೆಲಸ ಎಲ್ಲಿ ತನಕ ಬಂತ್ರಿ?"

"ಉಣ್ಣೂ ಮುಂದ ಬೋರಿಂಗಿನ ಮಾತು ನಾ ಆಡಂಗಿಲ್ರಿ."

"ಯಾಕ?"

"ರೊಟ್ಟಿಗೆ ಬ್ಯಾಸರ ಆಗ್ತದ."

ಅವನು ನಗಲಿಲ್ಲ. ಅವಳು ನಕ್ಕಳು. ನಕ್ಕು ನೆತ್ತಿಗೇರಿ ಕೆಮ್ಮಿದಳು. ಎಷ್ಟು ತಿಂಗಳಾಗಿತ್ತೋ ಹಾಗೆ ನಕ್ಕು! ಅವನು ಎದ್ದು ಮಡಕೆಯಿಂದ ನೀರು ತಂದುಕೊಟ್ಟ. ಮಾರನೆಯ ದಿನ ಅವಳು ಡಬ್ಬಿಯನ್ನು ಕೀಲಿಮಣೆಯ ಬಳಿ ಇಡಲಿಲ್ಲ, ಅವನ ಮೇಜಿಗೆ ಒಯ್ದಳು. ಪುಂಡಿಪಲ್ಯ ಇಲ್ಲಿಂದ ಅಲ್ಲಿಗೆ, ಶೇಂಗಾ ಹಿಂಡಿ ಅಲ್ಲಿಂದ ಇಲ್ಲಿಗೆ ದಾಟಿತು.

ನಿಜ ಹೇಳಬೇಕೆಂದರೆ, ಆಮೇಲೆ ಅವನು ಮಧ್ಯಾಹ್ನಕ್ಕೆ ಬರುವ ದಿನಗಳು ಹೆಚ್ಚಾದವು. ಅವಳು ಬೆಳಿಗ್ಗೆ ಬೀದರಿನಿಂದ ಹೊರಡುವ ಬಸ್ಸಿನಲ್ಲಿ ಕೂತಾಗ ತಾನು ಯಾಕೆ ಕನ್ನಡಿ ನೋಡಿಕೊಂಡೆ ಎಂದು ತನ್ನನ್ನೇ ಕೇಳಿಕೊಂಡು, ಉತ್ತರ ಕೊಡದೆ ಕಿಟಕಿಯಾಚೆ ನೋಡುವುದು ಶುರುವಾಯಿತು.

ಒಂದು ದಿನ ಯಾವ ಮಾತಿಗೋ ಗೆಳತಿಯ ವಿಷಯ ಬಂತು. ಯಾರಿಗೂ ಪೂರ್ತಿ ಹೇಳದ ಆ ಕಥೆಯನ್ನು ಅವಳು ಅವನಿಗೆ ಹೇಳಿಬಿಟ್ಟಳು. ಹೇಳುತ್ತ ಕಣ್ಣು ತುಂಬಿತು.

ಗೋರಖನಾಥ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ. "ಆಕೀನ ಆಮ್ಯಾಲ ಮಾತಾಡಿಸೀರೇನು?"

"ಇಲ್ಲ... ಹ್ಯಾಂಗ ಮಾತಾಡ್ಲಿ?"

"ಫೋನ್ ಮಾಡ್ರಿ. ಬೈದ್ರ ಬೈಲಿ. ಬೈಸ್ಕೊಂಡ್ರ ಹಗುರ ಆಗ್ತದ."

ಅಂದೇ ಸಂಜೆ ಅವಳು ಗೆಳತಿಗೆ ಫೋನು ಮಾಡಿದಳು. ಗೆಳತಿ ಬೈದಳು. ಇಬ್ಬರೂ ಅತ್ತರು. ಆ ದಿನದಿಂದ ಸುಸನ್ನಾಗೆ ಅವನೆಂದರೆ ಬರಿಯ ಮೆಕ್ಯಾನಿಕ್ ಅಲ್ಲ.

* * *

ಆದರೆ ಪಟ್ಟಿ? ಪಟ್ಟಿಗೆ ಹೃದಯವಿಲ್ಲವಲ್ಲ.

ಏಪ್ರಿಲ್ ಕೊನೆಗೆ ಗೋರಖನಾಥನ ಹೆಸರಿನಲ್ಲಿ ನಲವತ್ತು ದೂರುಗಳಿದ್ದವು. ಹಸಿರು ಒಂಬತ್ತು. ಕೆಂಪು ಮೂವತ್ತೊಂದು. ಇನ್ನಿಬ್ಬರು ಮೆಕ್ಯಾನಿಕರು ದೊಡ್ಡ ಊರುಗಳನ್ನು ನೋಡಿಕೊಳ್ಳುತ್ತಿದ್ದರು, ಅವರ ಸಾಲೆಲ್ಲ ಹಸಿರು. ಇವನಿಗೆ ಬಂದದ್ದು ದೂರದ ತಾಂಡಾಗಳು, ಗುಡ್ಡದಂಚಿನ ಹಳ್ಳಿಗಳು.

"ಗೋರಖನಾಥ ಅವರೇ, ಇಷ್ಟು ಕೆಂಪು ಯಾಕ?"

"ದೂರು ಕೊಟ್ಟವರು ಊರಾಗಿಲ್ರಿ ಮೇಡಂ. ಅವರೆಲ್ಲ..."

ಅಷ್ಟರಲ್ಲಿ ಪುಣೆಯಿಂದ ಫೋನು ಬಂತು. ತಿಂಗಳ ವರದಿ ಎಲ್ಲಿ ಎಂದು ಕೇಳುತ್ತಿದ್ದರು. ಅವಳು ಫೋನಿಗೆ ಅಂಗೈ ಅಡ್ಡ ಹಿಡಿದು, "ಕಾರಣ ಆಮ್ಯಾಲ ಹೇಳ್ರಿ. ಆಗ್ಯದೋ ಇಲ್ಲೋ, ಅಷ್ಟು ಹೇಳ್ರಿ" ಎಂದಳು.

ಅವನು ಅವಳನ್ನೇ ನೋಡಿದ. "ಆಗ್ಯದ್ರಿ" ಎಂದ.

ಆದರೆ ಪರದೆಯ ಮೇಲೆ ಆಗಿರಲಿಲ್ಲ. ಒಂಬತ್ತು ವರ್ಷ ಅವಳು ಪರದೆಯನ್ನು ನಂಬಿ ಬದುಕಿದವಳು. ಅವನ ಕಡೆ ಮನಸ್ಸು ವಾಲುತ್ತಿದೆ ಎಂದು ಗೊತ್ತಿದ್ದದ್ದಕ್ಕೇ ಅವಳು ಇನ್ನಷ್ಟು ಬಿಗಿಯಾದಳು. 'ನನ್ನವನೆಂದು ಬಿಟ್ಟರೆ ಅದು ಅನ್ಯಾಯ' ಎಂದುಕೊಂಡಳು. ವರದಿಯ ಜೊತೆಗೆ ಮೂರು ಸಾಲಿನ ಮೇಲ್ ಬರೆದಳು: ಮೆಕ್ಯಾನಿಕ್ ಗೋರಖನಾಥ ಅವರ ಕೆಲಸ ಬಹಳ ಬಾಕಿಯಿದೆ, ದಯವಿಟ್ಟು ಗಮನಿಸಿ. ಪುಣೆಯವರಿಗೆ ಒಂದು ಪ್ರತಿ, ಅವರ ಮೇಲಿನವರಿಗೆ ಒಂದು ಪ್ರತಿ.

ಹೈದರಾಬಾದಿನಲ್ಲಿ ಅಂಥ ಮೇಲ್ ದಿನಕ್ಕೆ ಹತ್ತು ಬರೆಯುತ್ತಿದ್ದರು. ಬರೆದವರು, ಬರೆಸಿಕೊಂಡವರು ಒಟ್ಟಿಗೇ ಚಹಾಕ್ಕೆ ಹೋಗುತ್ತಿದ್ದರು. ಯಾರೋ 'ಗಮನಿಸಲಾಗಿದೆ' ಎಂದು ಬರೆಯುವರು, ಅಲ್ಲಿಗೆ ಮುಗಿಯಿತು. ಇಲ್ಲೂ ಅಷ್ಟೇ ಎಂದುಕೊಂಡಳು ನಮ್ಮ ಜಾಣೆ!

ಇಲ್ಲಿ ಅಷ್ಟೇ ಆಗಲಿಲ್ಲ. ಈ ಸೀಮೆಯಲ್ಲಿ ಮೇಲಿನವರಿಗೆ ಬರೆದು ಕೊಟ್ಟರೆ ಅದು ಶಿಕಾಯತು, ಒಬ್ಬರ ಮೇಲೆ ಕೊಟ್ಟ ದೂರು. ಆರನೆಯ ದಿನ ಪುಣೆಯಿಂದ ಉತ್ತರ ಬಂತು. ಇಂದಿನಿಂದ ಆ ಮೆಕ್ಯಾನಿಕ್‌ನ ಸೇವೆ ಬೇಕಾಗಿಲ್ಲ.

ಅವಳು ಬಸ್ಸಿಳಿದು ಆಫೀಸಿಗೆ ಬರುವಷ್ಟರಲ್ಲಿ ರಶೀದ ಅಹ್ಮದ ಅದನ್ನು ಓದಿ ಹೇಳಿಯಾಗಿತ್ತು. ಗೋರಖನಾಥ ತನ್ನ ಚೀಲವನ್ನು ಅವಳ ಮೇಜಿನ ಮೇಲಿಟ್ಟ. ಪಾನಾ, ವಾಷರು, ಹಗ್ಗ, ಎಲ್ಲ ಒರೆಸಿ ಜೋಡಿಸಿತ್ತು.

"ನಾ ಹಿಂಗ ಆಗ್ತದ ಅಂತ ಬರೀಲಿಲ್ರಿ... ದೇವರಾಣೆ..." ಅವಳು ಚೀಲವನ್ನು ಅವನ ಕಡೆಗೇ ತಳ್ಳಿದಳು.

"ಗೊತ್ತದ್ರಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. "ನೀವು ನನ್ನ ಎದುರಿಗೇ ಕೂಡ್ತಿದ್ರಿ ಮೇಡಂ. ಒಂದೇ ಮೇಜಿಗೆ ಉಂಡೀವಿ. ಪುಣೆಗೆ ಬರಿಯೂಕಿಂತ ಮೊದಲು ನನಗ ಒಂದ್ ಮಾತು ಕೇಳಬಹುದಿತ್ತಲ್ರಿ?"

ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳು.

"ನಿಮ್ಮ ಗೆಳತಿ ಕಥಿ ಹೇಳೂ ಮುಂದ ನಿಮ್ಮ ಕಣ್ಣಾಗ ನೀರು ಬಂದಿತ್ತು. ಅವತ್ತೇ ನಾ ನಿಮಗ..." ಅವನು ಮಾತನ್ನು ಅಲ್ಲೇ ನುಂಗಿದ. "ಇರ್ಲಿ ಬಿಡ್ರಿ. ಬರ್ತೇನಿ."

ಮೋಟಾರ್‌ಸೈಕಲ್ಲಿನ ಸದ್ದು ಬೀದಿ ತಿರುಗುವವರೆಗೂ ಕೇಳಿತು. ಸುಸನ್ನಾ ನಿಂತೇ ಇದ್ದಳು. ಅವನು ನುಂಗಿದ ಮಾತು ಏನೆಂದು ಅವಳಿಗೆ ತಿಳಿಯದೇ ಇರಲಿಲ್ಲ.

* * *

ಮಾರನೆಯ ದಿನ ಅವಳು ಆಫೀಸಿಗೆ ಹೋಗದೆ ಲಲಿತಾಬಾಯಿಯ ಊರಿಗೆ ಹೋದಳು. ಆ ಕೈಪಂಪಿನ ದೂರು ಕೂಡ ಕೆಂಪಾಗಿಯೇ ಇತ್ತು. ಅವಳ ಕಣ್ಣೆದುರೇ ರಿಪೇರಿಯಾದ ಪಂಪು! ಇಷ್ಟು ದಿನ ತಾನು ಅದನ್ನು ನೋಡಿಯೂ ನೋಡಲಿಲ್ಲವಲ್ಲ...

"ನೀರು ಬರ್ತದೇನಮ್ಮ?"

"ಬರಲಾರದ ಏನಾಗ್ಯದ? ಗೋರಖ ಮಾಡಿ ಹೋದ ಮ್ಯಾಲ ಒಂದ್ ದಿನಾನೂ ನಿಂತಿಲ್ಲ."

"ಮತ್ತ ದೂರು ಯಾಕ ಮುಚ್ಚಿಲ್ಲ? ನಿಮಗ ಒಂದ್ ನಂಬರು ಬಂದಿರಬೇಕಲ್ಲ?"

"ನನಗ ಫೋನ್ ಎಲ್ಲದ? ದೂರು ಕೊಟ್ಟವ ನನ್ನ ಮಗ ಧೊಂಡಿಬಾ. ಕೊಟ್ಟ ನಾಕನೇ ದಿನಕ್ಕ ಹೆಂಡ್ತಿಗಿ ಕರ್ಕೊಂಡು ಹೈದ್ರಾಬಾದಿಗಿ ಹೋದ. ಅಲ್ಲಿ ಬ್ಯಾರೆ ಸಿಮ್ ತಗೊಂಡಾನ."

ಸುಸನ್ನಾ ಕಟ್ಟೆಯ ಮೇಲೆ ಕೂತಳು.

ದೂರು ಕೊಟ್ಟವರು ಊರಾಗಿಲ್ರಿ ಮೇಡಂ. ಗೋರಖನಾಥ ಅಂದೇ ಹೇಳಿದ್ದ. ಅವಳೇ ಪೂರ್ತಿ ಕೇಳಿರಲಿಲ್ಲ. ದೂರು ಕೊಟ್ಟವರೇ ಮುಚ್ಚಬೇಕು ಎಂದು ಕಾನೂನು ಮಾಡಿದವಳು ಅವಳು. ಊರಿಗೆ ಊರೇ ಗುಳೆ ಹೋಗುವ ವರ್ಷದಲ್ಲಿ! ಬೀದರಿನಲ್ಲೇ ಹುಟ್ಟಿ ಬೆಳೆದವಳಿಗೆ ಅಷ್ಟೂ ಹೊಳೆಯದೆ ಹೋಯಿತು. ಗಾಜಿನ ಕಟ್ಟಡ ಬಿಟ್ಟು ಬಂದೆ ಎಂದುಕೊಂಡಿದ್ದಳು, ಅದರ ಬುದ್ಧಿಯನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದಿದ್ದಳು.

"ಧೊಂಡಿಬಾನ ಹೊಸ ನಂಬರು ಅದೇನಮ್ಮ?"

ಮುದುಕಿ ಬಾಗಿಲ ಪಕ್ಕದ ಗೋಡೆ ತೋರಿಸಿದಳು. ಇದ್ದಿಲಿನಿಂದ ಬರೆದ ಹತ್ತು ಅಂಕಿ. ಸುಸನ್ನಾ ಅಲ್ಲೇ ನಿಂತು ಫೋನು ಹಚ್ಚಿದಳು. ಆ ಕಡೆ ಕಾಂಕ್ರೀಟು ಕಲಸುವ ಯಂತ್ರದ ಗದ್ದಲ.

"ಧೊಂಡಿಬಾ ಅವರೇನ್ರಿ? ನಾ ಔರಾದಿನ ನೀರಿನ ಆಫೀಸಿನಿಂದ..."

"ಯಾಕ್ರಿ ಬಾಯಿ? ಬೋರಿಂಗ್ ಮತ್ತ ಕೆಟ್ಟದೇನ್ರಿ?"

"ಇಲ್ಲ ಇಲ್ಲ, ಛಲೋ ನಡದದ. ಅದನ್ನೇ ಹೇಳಲಿಕ್ಕೆ..."

"ಅವ್ವಗ ಜರಾ ಫೋನ್ ಕೊಡ್ರಿ... ಕೆಲಸ ಬಿಟ್ಟು ಬಂದೀನಿ, ಎರಡೇ ಮಾತು."

ತಾಯಿ ಮಗ ಹತ್ತು ನಿಮಿಷ ಮಾತಾಡಿದರು. ಸುಸನ್ನಾ ಆಚೆ ಮುಖ ಮಾಡಿ ಕಣ್ಣೊರೆಸಿಕೊಂಡಳು.

ಆಮೇಲಿನ ಒಂಬತ್ತು ದಿನ ಅವಳು ಆ ಮೂವತ್ತೊಂದು ಊರು, ತಾಂಡಾ ತಿರುಗಿದಳು. ಬಸ್ಸಿರುವಲ್ಲಿ ಬಸ್ಸು, ಇಲ್ಲದಲ್ಲಿ ನಡಿಗೆ. ಪ್ರತಿ ಪಂಪಿನ ಹಿಡಿಕೆ ತಾನೇ ಹೊಡೆದು ನೋಡಿದಳು. ಎರಡು ಬತ್ತಿದ್ದವು, ಅದಕ್ಕೆ ಯಾವ ಮೆಕ್ಯಾನಿಕನೂ ಏನೂ ಮಾಡುವಂತಿರಲಿಲ್ಲ. ಉಳಿದ ಇಪ್ಪತ್ತೊಂಬತ್ತರಲ್ಲಿ ನೀರು ಬರುತ್ತಿತ್ತು. ಗೋಡೆಗಳ ಮೇಲಿಂದ, ಟ್ರಂಕಿನ ಮುಚ್ಚಳದ ಒಳಗಿಂದ ನಂಬರು ಬರೆದುಕೊಂಡು ಒಬ್ಬೊಬ್ಬರಿಗೂ ಫೋನು ಹಚ್ಚಿದಳು. ಊರಿನಲ್ಲಿ ನೀರಿದೆಯೇ ಎಂದು ಎಲ್ಲರೂ ಮೊದಲು ಕೇಳಿದರು. ಗೋರಖಣ್ಣ ಹೇಗಿದ್ದಾನೆ ಎಂದು ಹಲವರು ಕೇಳಿದರು. ಅದಕ್ಕೆ ಅವಳು ಏನು ಹೇಳಬೇಕಿತ್ತು?

ಹತ್ತನೆಯ ದಿನ ಮತ್ತೊಂದು ಮೇಲ್ ಬರೆದಳು. ಮೊದಲ ಮೇಲಿನ ಪ್ರತಿ ಹೋದವರಿಗೆಲ್ಲ ಇದರ ಪ್ರತಿಯೂ ಹೋಯಿತು. 'ತಪ್ಪು ಗೋರಖನಾಥ ಅವರದ್ದಲ್ಲ, ನಾನು ಮಾಡಿದ ನಿಯಮದ್ದು. ನಾನು ಅವರನ್ನು ಕೇಳದೆ ಬರೆದೆ. ಯಾರನ್ನಾದರೂ ತೆಗೆಯಬೇಕೆಂದರೆ ನನ್ನನ್ನು ತೆಗೆಯಿರಿ.'

ಪುಣೆಯವರು ಯಾರನ್ನೂ ತೆಗೆಯಲಿಲ್ಲ. ಗೋರಖನಾಥನನ್ನು ತಿರುಗಿ ಕರೆಯಿರಿ ಎಂದು ಬರೆದರು. ರಶೀದ ಅಹ್ಮದ ಅವನಿಗೆ ಫೋನು ಮಾಡಿದರು. ಇಟ್ಟ ಮೇಲೆ ತಲೆಯಾಡಿಸಿದರು.

"ಬರಂಗಿಲ್ಲ ಅಂತಾನಮ್ಮ. ಬೋರ್ ಕೊರೆಯೂ ಲಾರಿ ಜೊತಿ ತೆಲಂಗಾಣಕ್ಕ ಹೊಂಟಾನಂತ. ನಾಳಿ ಮಧ್ಯಾಹ್ನ ಭಾಲ್ಕಿಯಿಂದ ಗಾಡಿ."

* * *

ಅಂದು ಸಂಜೆ ಚಿದ್ರಿಯಲ್ಲಿ ಕ್ಯಾಥರಿನ ಅಕ್ಕಿ ಆರಿಸುತ್ತ ಕೂತಿದ್ದಳು. ಸುಸನ್ನಾ ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು. ಎಲ್ಲ ಎಂದರೆ ಎಲ್ಲ.

"ಅವರು ಬೌದ್ಧರು ಮಮ್ಮಿ. ನಮ್ಮ ಚರ್ಚಿನವರಲ್ಲ."

ತಾಯಿ ಒಂದು ಕಲ್ಲು ಆರಿಸಿ ಆಚೆ ಎಸೆದಳು. "ನಲವತ್ತು ವರ್ಷ ನಾ ದವಾಖಾನಿದಾಗ ಎಲ್ಲಾರ ಮೈ ಒರಸೀನಿ. ಒಳಗ ಎಲ್ಲಾರದೂ ಒಂದೇ ಥರ ಇರ್ತದ. ನಾಕು ಮಂದಿ ಮಾತಾಡ್ತಾರ, ಆಡ್ಲಿ. ಮನಶ್ಯಾ ಹ್ಯಾಂಗಾನ, ಅದು ಹೇಳು."

"ಛಲೋ ಆನ. ನಾನೇ ಛಲೋ ಇದ್ದಿಲ್ಲ."

"ಹಂಗಾದ್ರ ನನ್ನ ಮುಂದ ಯಾಕ ಕುಂತೀದಿ? ಅವನ ಮುಂದ ಹೋಗಿ ಹೇಳು."

* * *

ಬೆಳಿಗ್ಗೆ ಆರೂವರೆಗೆ ಸುಸನ್ನಾ ಬೀದರಿನ ನೌಬಾದ್ ನಿಲ್ದಾಣದಲ್ಲಿ ಭಾಲ್ಕಿ ಬಸ್ಸು ಹತ್ತಿದಳು. ಭಾಲ್ಕಿಯಿಂದ ಭಾತಂಬ್ರಾಕ್ಕೆ ಶೇರ್ ಆಟೋ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಳು. ಒಂದನೆಯದು, ಎರಡನೆಯದು... ಮೂರನೆಯದಕ್ಕೆ ಬರುವಷ್ಟರಲ್ಲಿ ತನ್ನ ಮೇಲೇ ಬೇಸರವಾಯಿತು. ಇದೇನು ಮೀಟಿಂಗೇ?

ಮನೆಯ ಮುಂದೆ ಗೋರಖನಾಥ ಹಾಸಿಗೆ ಸುರುಳಿಗೆ ಹಗ್ಗ ಬಿಗಿಯುತ್ತಿದ್ದ. ಅವಳನ್ನು ನೋಡಿ ಅವನ ಕೈ ನಿಂತಿತು.

"ನೀವು... ಇಲ್ಲಿ ತನಕ?"

ಅವಳು ಚೀಲದಿಂದ ಪತ್ರ ತೆಗೆದಳು. "ಇದು ಆಫೀಸಿಂದು. ನಿಮ್ಮ ಕೆಲಸ ನಿಮಗ ತಿರುಗಿ ಕೊಟ್ಟಾರ."

"ಮಾಸ್ತರ್ ಹೇಳ್ಯಾರ್ರಿ. ನೀವು ಊರೂರು ತಿರಗಿದ್ದೂ ಹೇಳ್ಯಾರ." ಅವನು ಪತ್ರ ತೆಗೆದುಕೊಳ್ಳಲಿಲ್ಲ. "ಅಷ್ಟು ಬಿಸಲಾಗ ತಿರಗೂದು ಬೇಕಾಗಿತ್ತೇನ್ರಿ? ನಾ ಕೆಲಸ ಹೋಯ್ತಂತ ಹೊಂಟಿಲ್ಲ ಮೇಡಂ. ಪಾನಾ ಹಿಡಿಯೂ ಕೈಗಿ ಎಲ್ಲೆರೆ ಕೆಲಸ ಸಿಗ್ತದ."

"ಮತ್ತ?"

"ನಿಮ್ಮ ಎದುರಿನ ಮೇಜಿಗೆ ಕೂತು ಉಣ್ಣೂದು ಇನ್ನ ನನ್ನ ಕೈಲೆ ಆಗಂಗಿಲ್ಲ."

ಅವಳು ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲಿಗೆ ಹೋದವೋ. ಪತ್ರವನ್ನು ಕಟ್ಟೆಯ ಮೇಲಿಟ್ಟಳು.

"ಆಫೀಸಿನ ಮಾತು ಅಲ್ಲಿಗೆ ಮುಗೀತ್ರಿ. ಈಗ ನನ್ನದು ಕೇಳ್ರಿ. ನಾ ನಿಮ್ಮ ಮ್ಯಾಲ ಬರದದ್ದು ಯಾಕ ಗೊತ್ತದೇನು? ನೀವು ನನಗ ಬೇಕಾಗಿದ್ರಿ. ಬೇಕಾದವರಿಗಿ ಬಿಟ್ಟುಕೊಟ್ರ ತಪ್ಪಾಗ್ತದಂತ ಹೆದರಿದೆ. ಆ ಹೆದರಿಕಿದಾಗ ಕೇಳೂದು ಬಿಟ್ಟೆ, ಬರೆಯೂದು ಮಾಡಿದೆ. ಎರಡು ಸಲ ಇಂಥ ತಪ್ಪು ಮಾಡೀನಿ. ಒಂದು ಸಲಕ್ಕ ಗೆಳತಿ ಹೋದಳು..."

ಅವಳು ಅಂಗೈಯಿಂದ ಮುಖ ಒರೆಸಿಕೊಂಡಳು. ಮಾತು ನಿಲ್ಲಿಸಲಿಲ್ಲ.

"ನೀವು ಬರಲಿಲ್ಲಂದ್ರ ಆಫೀಸ್ ನಡೀತದ್ರಿ. ಇನ್ನೊಬ್ಬರು ಬರ್ತಾರ. ನನಗ ನಡಿಯಂಗಿಲ್ಲ."

ಹಗ್ಗದ ತುದಿ ಗೋರಖನಾಥನ ಬೆರಳಿಗೆ ಸುತ್ತಿಕೊಂಡೇ ಇತ್ತು. ಮನೆಯೊಳಗೆ ಅವನ ತಾಯಿ ಅನುಸೂಯಾಬಾಯಿ ರೊಟ್ಟಿ ಬಡಿಯುವ ಸದ್ದು ಎಷ್ಟೋ ಹೊತ್ತಿನಿಂದ ನಿಂತಿತ್ತು. ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಇಬ್ಬರಿಗೂ ಗೊತ್ತಾಯಿತು.

"ನೀವು ಈಗೇ ಹೇಳಬೇಕಂತಿಲ್ರಿ" ಎಂದು ಸುಸನ್ನಾ ಕಟ್ಟೆಯ ಮೇಲೆ ಕೂತಳು. "ನಾ ಕೂತಿರ್ತೇನಿ."

"ಮಧ್ಯಾಹ್ನ ನನ್ನ ಗಾಡಿ ಅದ."

"ಅಲ್ಲಿ ತನಕ ಕೂತಿರ್ತೇನಿ. ಹೋದ್ರಿ ಅಂದ್ರ ಅತ್ತು ಮನಿಗಿ ಹೋಗ್ತೇನಿ. ಪುಣೆಗೆ ಬರೆಯಂಗಿಲ್ಲ."

ಅವನು ನಗಬಾರದೆಂದು ಬಹಳ ಪ್ರಯತ್ನಪಟ್ಟ. ಆಗಲಿಲ್ಲ. ಬೇರೆ ಕಡೆ ಮುಖ ಮಾಡಿ ನಕ್ಕ. ಆಮೇಲೆ ಬಂದು ಅದೇ ಕಟ್ಟೆಯ ಮೇಲೆ, ಒಂದು ಮೊಳ ದೂರ ಬಿಟ್ಟು ಕೂತ. ಎದುರಿನ ಬೇವಿನ ಮರದ ನೆರಳು ಅಷ್ಟಷ್ಟೇ ಸರಿದು ಅವರ ಕಾಲ ಹತ್ತಿರ ಬಂತು. ಇಷ್ಟು ಹೊತ್ತು ಏನೂ ಮಾಡದೆ ಕೂತದ್ದು ಸುಸನ್ನಾಗೆ ಬದುಕಿನಲ್ಲೇ ನೆನಪಿರಲಿಲ್ಲ.

"ನಿಮ್ಮ ಮಮ್ಮಿಗಿ ಗೊತ್ತದೇನ್ರಿ?" ಎಂದು ಅವನು ಕೊನೆಗೆ ಕೇಳಿದ.

"ಅವರೇ ಕಳಿಸ್ಯಾರ."

"ನಾವು ಪಂಚಶೀಲ ಹೇಳೂ ಮಂದಿ. ನಿಮ್ಮ ಪಾದ್ರಿಗಳು ಒಪ್ತಾರೇನ್ರಿ?"

"ಗೊತ್ತಿಲ್ಲ. ಇಬ್ಬರೂ ಕೂಡಿ ಕೇಳೋಣು."

ಅವನು ಕೆಳಗೆ ನೋಡುತ್ತ ಹಗ್ಗವನ್ನು ಬೆರಳಿನಿಂದ ಬಿಡಿಸಿದ. ಜೇಬಿನಿಂದ ಫೋನು ತೆಗೆದು ಲಾರಿಯವನಿಗೆ ಹಚ್ಚಿದ. "ಅಣ್ಣಾ, ನಾ ಬರಂಗಿಲ್ಲ... ಇಲ್ಲ, ಆರಾಮ ಇದ್ದೀನಿ. ಭಾಳ ಆರಾಮ ಇದ್ದೀನಿ" ಎಂದು ಹೇಳಿ ಇಟ್ಟ.

ಸುಸನ್ನಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಅವನು ಗಾಬರಿಯಾಗಿ ಸುತ್ತ ನೋಡಿ, ಮೆಲ್ಲಗೆ ಅವಳ ಮೊಣಕೈ ಮುಟ್ಟಿದ. ಅದೇ ಮೊದಲು.

"ಅಳಬ್ಯಾಡ್ರಿ. ಐತವಾರ ಅವ್ವಗ ಕರ್ಕೊಂಡು ಚಿದ್ರಿಗಿ ಬರ್ತೇನಿ. ನಿಮ್ಮ ಮಮ್ಮಿ ಮುಂದ ಹೇಳ್ತೇನಿ."

"ಐತವಾರ ಪ್ರಾರ್ಥನಾ ಇರ್ತದ. ಹನ್ನೊಂದರ ಮ್ಯಾಲ ಬರ್ರಿ."

"ಹನ್ನೊಂದಕ್ಕ ಬರ್ತೇನಿ ಮೇಡಂ."

"ಇನ್ನೂ ಮೇಡಂ ಅಂತೀರಿ?" ಅವಳು ಕಣ್ಣೊರೆಸಿಕೊಳ್ಳುತ್ತ ನೋಡಿದಳು. "ಸುಸನ್ನಾ ಅನ್ರಿ."

ಅವನು ಬಾಯಿ ತೆರೆದ. ಕಿವಿಯವರೆಗೂ ಕೆಂಪಾದ. ಒಳಗೆ ಅನುಸೂಯಾಬಾಯಿ ಮತ್ತೆ ರೊಟ್ಟಿ ಬಡಿಯತೊಡಗಿದ್ದಳು.

"ಆ ಹೆಸರು ಐತವಾರ ಹೇಳ್ತೇನ್ರಿ" ಎಂದ ಗೋರಖನಾಥ.